ಬಾಯಿ ಬಿಡದ ಕೋಚು

ಹೊಸ ಫುಟ್‌ಬಾಲ್ ಕೋಚನ್ನು ಆರಿಸುವ ಸಮಿತಿಗೆ ನನ್ನ ಹೆಸರು ಸೇರಿಸಿದ ದಿನವೇ ನನಗೆ ಗೊತ್ತಾಗಿಹೋಯಿತು, ಆ ಕೆಲಸವನ್ನು ನನಗೆ ಕೊಡುವ ಯೋಚನೆ ಯಾರ ತಲೆಯಲ್ಲೂ ಇಲ್ಲವೆಂದು. ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದವನ ಕೈಗೆ ಸಾರಿನ ಸೌಟು ಕೊಟ್ಟ ಹಾಗಾಗಿತ್ತು. ನಾನು ನಮ್ಮ ಹೈಸ್ಕೂಲಿನ ಕ್ರಾಫ್ಟ್ ಮೇಷ್ಟ್ರು, ಹೆಸರು ಲಕ್ಕಣ್ಣ. ಹತ್ತೊಂಬತ್ತು ವರ್ಷ ದೊರೆಸ್ವಾಮಿ ಮೇಷ್ಟ್ರು ಕೋಚಾಗಿದ್ದರು, ಅಷ್ಟು ವರ್ಷವೂ ನಾನು ಅವರ ಪಕ್ಕದಲ್ಲಿದ್ದೆ. ಸುಣ್ಣದಲ್ಲಿ ಗೆರೆ ಎಳೆದವನು ನಾನು, ಚೆಂಡಿಗೆ ಗಾಳಿ ತುಂಬಿದವನು ನಾನು, ಹುಡುಗರ ಉಳುಕಿದ ಕಾಲಿಗೆ ಎಣ್ಣೆ ತಿಕ್ಕಿದವನೂ ನಾನೇ. ಮೇಷ್ಟ್ರು ತೀರಿಕೊಂಡ ಮೇಲೆ ಯಾರಾದರೂ ಬಂದು, ಲಕ್ಕಣ್ಣ, ಇನ್ನು ನೀನೇ ನೋಡಿಕೋ ಅನ್ನುತ್ತಾರೆಂದು ಒಂದು ತಿಂಗಳು ಕಾದೆ. ಅರ್ಜಿ ಹಾಕಲಿಲ್ಲ. ಕೇಳಿ ಪಡೆಯುವುದೆಂದರೆ ನನಗೆ ಮೊದಲಿನಿಂದಲೂ ನಾಚಿಕೆ. ಕೊನೆಗೆ ಬಂದದ್ದು ಸಮಿತಿಯ ಚೀಟಿ.

ನಮ್ಮೂರಲ್ಲಿ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಂದು ಸಲ ಕೇಳಿಸುತ್ತದೆ. ಒಂದೇ ಸಲ; ಅಲ್ಲಿಗೆ ಮುಗಿಯಿತು. ಸೀಟಿ, ಗಂಟೆ, ತಮಟೆ ಯಾವುದೂ ಮರಳುವುದಿಲ್ಲ, ಮನುಷ್ಯರ ದನಿ ಮಾತ್ರ. ನಿನ್ನೆಯದು ಯಾವುದು ಇವತ್ತಿನದು ಯಾವುದು ಎಂದು ನಮ್ಮ ಮಕ್ಕಳಿಗೆ ಹೆಜ್ಜೆ ಇಡಲು ಬರುವ ಮೊದಲೇ ತಿಳಿಯುತ್ತದೆ. ಗಂಡ ಹೆಂಡತಿ ಜಗಳವಾಡುವುದಿದ್ದರೆ, ನಾಳೆ ಈ ಹೊತ್ತಿಗೆ ಅತ್ತೆ ಮನೆಯಲ್ಲಿರುತ್ತಾರೋ ಇಲ್ಲವೋ ನೋಡಿಕೊಂಡೇ ಶುರು ಮಾಡುತ್ತಾರೆ. ಗುಟ್ಟು ಹೇಳುವವರು ಕಿವಿಯ ಹತ್ತಿರ ಬಾಗುವುದಿಲ್ಲ, ನಾಳೆ ಈ ಹೊತ್ತಿಗೆ ಖಾಲಿ ಇರುವ ಜಾಗ ಹುಡುಕಿ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ದೊರೆಸ್ವಾಮಿ ಮೇಷ್ಟ್ರು ಹೋದ ಮರುದಿನ ಮಧ್ಯಾಹ್ನ ಅವರ ಹೆಂಡತಿ ಮಂಚದ ಪಕ್ಕ ಕೂತಿದ್ದರು, ನಾವೆಲ್ಲ ಬಾಗಿಲಾಚೆ ನಿಂತಿದ್ದೆವು. "ಸ್ವಲ್ಪ ನೀರ್ ಕೊಡೇ" ಎಂದು ಖಾಲಿ ಮಂಚದಿಂದ ಮೇಷ್ಟ್ರ ದನಿ ಬಂತು. ಆಕೆ ಎದ್ದು ಹೋಗಿ ನಿಜವಾಗಿಯೂ ಒಂದು ಲೋಟ ನೀರು ತಂದಿಟ್ಟರು.

ಹೀಗಿರುವುದರಿಂದ ನಮ್ಮಲ್ಲಿ ಯಾರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕಾದರೂ ಮೊದಲ ದಿನ ತೀರ್ಮಾನ ಮಾಡುವುದಿಲ್ಲ. ಮರುದಿನ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿ ಖಾಲಿ ಕುರ್ಚಿಯ ಮುಂದೆ ಕೂತು ಇನ್ನೊಮ್ಮೆ ಕೇಳುತ್ತೇವೆ. ಇದಕ್ಕೆ ಮರುಕೇಳಿಕೆ ಎನ್ನುತ್ತೇವೆ. ಮೊದಲ ಸಲ ಮುಖ, ಇಸ್ತ್ರಿ ಮಾಡಿದ ಅಂಗಿ, ನಗು ಎಲ್ಲ ಸೇರಿ ಕಣ್ಣು ಕಟ್ಟುತ್ತವೆ. ಎರಡನೆಯ ಸಲ ಬರೀ ದನಿ. ಸುಳ್ಳು ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಮರುಕೇಳಿಕೆಯಲ್ಲಿ ಕೂತವರು ತುಟಿ ಬಿಚ್ಚುವ ಹಾಗಿಲ್ಲ, ಏನಿದ್ದರೂ ಚೀಟಿಯಲ್ಲಿ ಬರೆಯಬೇಕು.

ಸಮಿತಿಯಲ್ಲಿ ನಾವು ಮೂವರು. ಹೆಡ್‌ಮಿಸ್ ಜಯಶೀಲಾ ಮೇಡಂ, ಶಾಲಾ ಸಮಿತಿಯ ಅಧ್ಯಕ್ಷ ಬೇಕರಿ ಹೊನ್ನಪ್ಪ, ಮತ್ತೆ ನಾನು. ಬಂದವನು ಒಬ್ಬನೇ, ತಿಪ್ಪೇಶ ಅಂತ. ಮೂವತ್ತೈದರ ಆಸುಪಾಸು, ದಪ್ಪ ಕುತ್ತಿಗೆ, ಹೊಳೆ ದಾಟಿ ದೋಣಿಯಲ್ಲಿ ಬಂದಿದ್ದ. ಹೊಳೆಯ ಆಚೆದಡದಲ್ಲಿರುವುದು ನಮಗೆ ಪ್ರತಿ ವರ್ಷ ಎದುರಾಗುವ ಶಾಲೆ. ನನಗೆ ಅಷ್ಟೇ ಸಾಕಾಗಿತ್ತು.

"ನಮ್ಮೂರ ವಿಚಾರ ಗೊತ್ತಲ್ವಾ ನಿಮಗೆ?" ಎಂದು ಮೇಡಂ ಕೇಳಿದರು.

"ಕೇಳಿದೀನಿ ಮೇಡಂ. ಮಾತು ಎರಡ್ ಸಲ ಬರುತ್ತೆ ಅಂತ."

"ಹಳೇ ಸ್ಕೂಲು ಯಾಕ್ ಬಿಟ್ರಿ?" ಎಂದು ಹೊನ್ನಪ್ಪ ಕೇಳಿದ.

ತಿಪ್ಪೇಶ ಲೋಟ ಎತ್ತಿ ನೀರು ಕುಡಿದ. ಕುಡಿದು ಕೆಳಗಿಟ್ಟು, ಮತ್ತೆ ಎತ್ತಿ ಇನ್ನೊಂದು ಗುಟುಕು ಕುಡಿದ. ಆಮೇಲೆ, "ಅಲ್ಲಿ ಸರಿ ಬರ್ಲಿಲ್ಲ ಸಾರ್" ಅಂದ.

ಮರುದಿನ ಮರುಕೇಳಿಕೆಯಲ್ಲಿ ಆ ಪ್ರಶ್ನೆಯ ನಂತರದ ಮೌನವನ್ನು ನಾನು ಗಡಿಯಾರ ನೋಡಿ ಅಳೆದೆ. ಹತ್ತೊಂಬತ್ತು ಸೆಕೆಂಡು. ಹಳೆಯ ಕೆಲಸ ಬಿಟ್ಟ ಕಾರಣ ಹೇಳಲು ಯಾವ ಪ್ರಾಮಾಣಿಕನಿಗೂ ಅಷ್ಟು ಹೊತ್ತು ಬೇಕಿಲ್ಲ. ನಾನು ಚೀಟಿಯಲ್ಲಿ 'ಅನುಮಾನ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೇಡಂ 'ಸರಿ' ಎಂದು ಬರೆದರು. ಹೊನ್ನಪ್ಪ ಮೇಡಂ ಚೀಟಿಯನ್ನು ಓರೆಗಣ್ಣಿನಲ್ಲಿ ನೋಡಿ ತಾನೂ 'ಸರಿ' ಎಂದು ಬರೆದ. ಕೆಲಸ ತಿಪ್ಪೇಶನಿಗೆ ಹೋಯಿತು.

ದೊರೆಸ್ವಾಮಿ ಮೇಷ್ಟ್ರ ಆಟವೇ ಬೇರೆ ಇತ್ತು, ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಕೂಗಿದರೆ ಹೊಳೆಯ ತನಕ ಕೇಳುತ್ತಿತ್ತು. ಇವತ್ತು ಕೂಗಿದ್ದು ನಾಳೆಯ ಪ್ರಾಕ್ಟೀಸಿನ ಮಧ್ಯೆ ಬರುತ್ತಿತ್ತು, ಹುಡುಗರು ಇಬ್ಬರು ದೊರೆಸ್ವಾಮಿಗಳ ಮಾತು ಕೇಳಿ ಓಡುತ್ತಿದ್ದರು. ನಮ್ಮ ಬಯಲಿನಲ್ಲಿ ಪಂದ್ಯವಿದ್ದರೆ ಹಿಂದಿನ ದಿನವೇ ಇಡೀ ಊರು ಬಂದು ಖಾಲಿ ಬಯಲಿನ ಸುತ್ತ ನಿಂತು, ಪಂದ್ಯದ ಹೊತ್ತಿಗೆ ಸರಿಯಾಗಿ ಗಂಟಲು ಹರಿಯುವಂತೆ ಕೂಗುತ್ತಿತ್ತು. ಅದಕ್ಕೆ ಮುಂಗೂಗು ಅಂತ ಹೆಸರು. ಮರುದಿನ ಆ ಗದ್ದಲವೂ ಸೇರಿಕೊಂಡರೆ ಎದುರಾಳಿ ಹುಡುಗರಿಗೆ ತಮ್ಮ ಕೋಚಿನ ದನಿಯೇ ಕೇಳಿಸುತ್ತಿರಲಿಲ್ಲ. ಸ್ವಂತ ಬಯಲಿನಲ್ಲಿ ನಾವು ಸೋತದ್ದಿಲ್ಲ. ಹೊರಗೆ ಹೋಗಿ ಗೆದ್ದದ್ದೂ ಇಲ್ಲ, ಆದರೆ ಅದನ್ನು ನಮ್ಮೂರಲ್ಲಿ ಯಾರೂ ಎತ್ತುತ್ತಿರಲಿಲ್ಲ.

ತಿಪ್ಪೇಶನ ಮೊದಲ ದಿನದ ಪ್ರಾಕ್ಟೀಸಿಗೆ ನಾನು ಒಂದು ನೋಟ್‌ಬುಕ್ಕು ಹಿಡಿದುಕೊಂಡು ಹೊಂಗೆಮರದ ಕೆಳಗೆ ನಿಂತೆ. ಅವನು ಬಯಲಿನ ಮಧ್ಯಕ್ಕೆ ಬಂದ, ಹುಡುಗರು ಸುತ್ತ ಸೇರಿದರು, ಅವನು ಮಾತಾಡಲು ಬಾಯಿ ತೆರೆದ. ಅಷ್ಟರಲ್ಲಿ ನನ್ನನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತೆರೆದ ಬಾಯಿಗೆ ಸೀಟಿ ಸಿಕ್ಕಿಸಿಕೊಂಡ. ಅವತ್ತು ಅವನು ಒಂದೇ ಒಂದು ಮಾತು ಆಡಲಿಲ್ಲ. ಕೈ ತೋರಿಸಿದ, ಸೀಟಿ ಊದಿದ, ಕಾಲಿನಲ್ಲಿ ಮಣ್ಣಿನ ಮೇಲೆ ಗೆರೆ ಎಳೆದ, ಅಷ್ಟೆ. ಮರುದಿನ ನಾನು ಹತ್ತು ನಿಮಿಷ ಮೊದಲೇ ಹೋಗಿ ನಿಂತರೆ ನಿನ್ನೆಯದೆಂದು ಕೇಳಿಸಿದ್ದು ಹುಡುಗರ "ಲೋ, ಇಲ್ ಕೊಡೋ" ಮಾತ್ರ. ಮೂರನೆಯ ದಿನ ಅದೂ ನಿಂತಿತು.

ಬಾಯಿ ಬಿಡದ ಮನುಷ್ಯನನ್ನು ನಂಬುವುದು ನಮ್ಮೂರಲ್ಲಿ ಕಷ್ಟ. ಮಾತು ಎರಡು ಸಲ ಕೇಳಿಸುವ ಕಡೆ ಮಾತೇ ಆಡದವನು ಏನನ್ನೋ ಬಚ್ಚಿಡುತ್ತಿದ್ದಾನೆಂದೇ ಅರ್ಥ. ಅವನೇನು ಮೂಗನಲ್ಲ. ಬೇಕರಿಯಲ್ಲಿ "ಎರಡ್ ಬನ್ ಕೊಡಿ" ಅಂದದ್ದನ್ನು ನಾನು ನಿಂತು ಕೇಳಿದ್ದೇನೆ, ಮರುದಿನ ಹೋಗಿ ಇನ್ನೊಮ್ಮೆಯೂ ಕೇಳಿದ್ದೇನೆ. ಬಯಲಿಗೆ ಕಾಲಿಟ್ಟರೆ ಮಾತ್ರ ಬಾಯಿಗೆ ಬೀಗ. ಪ್ರತಿ ಭಾನುವಾರ ಬೆಳಿಗ್ಗೆ ದೋಣಿ ಹತ್ತಿ ಆಚೆದಡಕ್ಕೆ ಹೋಗುತ್ತಿದ್ದ, ಎರಡು ಗಂಟೆ ಬಿಟ್ಟು ಮುಖ ಕೆಂಪಗೆ ಮಾಡಿಕೊಂಡು, ಏನೋ ದೊಡ್ಡ ಕೆಲಸ ಮುಗಿಸಿದವನಂತೆ ಹಗುರಾಗಿ ವಾಪಸ್ಸು ಬರುತ್ತಿದ್ದ. ಅಲ್ಲಿ ಅವನಿಗೇನು ಕೆಲಸ? ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಟ್ಟೆ.

ತಂಡದ ಕ್ಯಾಪ್ಟನ್ ಜುಬೇರನನ್ನು ಒಂದು ದಿನ ಕ್ರಾಫ್ಟ್ ಕ್ಲಾಸಿನಲ್ಲಿ ಹಿಡಿದುಕೊಂಡೆ. "ಏನೋ ಹೇಳ್ಕೊಡ್ತಾನೆ ನಿಮ್ ಕೋಚು?"

"ಏನೂ ಹೇಳಲ್ಲ ಸಾರ್. ಯಾವ್ದಾದ್ರೂ ದನಿ ಕೇಳಿ ತಲೆ ಎತ್ತಿದ್ರೆ ಸೀಟಿ ಊದಿ ಬಯಲು ಸುತ್ತ ಓಡಿಸ್ತಾರೆ. ನಾನು ಮೊದಲ್ನೇ ವಾರ ನಲವತ್ ಸುತ್ ಓಡಿದೀನಿ."

"ಈಗ?"

"ಈಗ ಯಾರು ಏನಂದ್ರೂ ಕೇಳ್ಸಲ್ಲ ಸಾರ್" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ನಮ್ಮ ಹುಡುಗರನ್ನು ಕಿವುಡು ಮಾಡುತ್ತಿದ್ದಾನೆ, ನಮ್ಮ ಬಯಲಿನ ಬಲವೇ ದನಿ, ಅದನ್ನೇ ಕತ್ತರಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ದಾಕ್ಷಾಯಿಣಿ ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ. "ನೀವು ಅವ್ರ ಬಾಲ ಹಿಡ್ಕೊಂಡು ತಿರುಗೋದನ್ನ ಊರೇ ನೋಡ್ತಿದೆ. ಅವ್ರಿಗೂ ಕಣ್ಣಿದೆ ಕಣ್ರೀ" ಅಂದಳು. ಅವಳಿಗೆ ಫುಟ್‌ಬಾಲಿನ ವಿಷಯ ತಿಳಿಯದು ಎಂದುಕೊಂಡೆ.

ಆಚೆದಡದ ಶಾಲೆಯ ಜೊತೆ ನಮ್ಮ ಬಯಲಿನಲ್ಲೇ ಪಂದ್ಯ ಗೊತ್ತಾಯಿತು, ಶನಿವಾರ ಮೂರು ಗಂಟೆಗೆ. ಶುಕ್ರವಾರ ಮೂರಕ್ಕೆ ಊರಿಗೆ ಊರೇ ಬಂದು ಮುಂಗೂಗು ಕೂಗಿತು. ನಾಲ್ಕೂವರೆಗೆ ಎಲ್ಲರೂ ಗಂಟಲು ನೀವಿಕೊಳ್ಳುತ್ತ ಮನೆಗೆ ಹೋದರು. ನಾನು ಹೊನ್ನಪ್ಪನನ್ನು ತಡೆದು ನಿಲ್ಲಿಸಿಕೊಂಡೆ. ನನ್ನ ಲೆಕ್ಕ ಪಕ್ಕಾ ಇತ್ತು. ನಾಳೆ ಪಂದ್ಯ ನಾಲ್ಕೂವರೆಗೆ ಮುಗಿದಿರುತ್ತದೆ, ಗೆದ್ದರೆ ಎಲ್ಲರೂ ಇವನ ಬೇಕರಿಯ ಮುಂದಿರುತ್ತಾರೆ, ಸೋತರೆ ಮನೆಯಲ್ಲಿರುತ್ತಾರೆ. ಐದು ದಾಟಿದ ಮೇಲೆ ಬಯಲಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಐದು ಹತ್ತಕ್ಕೆ ಅವನನ್ನು ಬಯಲಿನ ನಟ್ಟನಡುವೆ ಕರೆದುಕೊಂಡು ಹೋಗಿ ನಿಲ್ಲಿಸಿದೆ.

"ಅವನು ಆಚೆದಡದೋರ ಮನುಷ್ಯ ಕಣೋ ಹೊನ್ನಪ್ಪ" ಅಂದೆ. "ಭಾನುವಾರ ಭಾನುವಾರ ಅವರ ಕೋಚಿನ ಜೊತೆ ಕೂತು ಮಾತಾಡ್ಕೊಂಡ್ ಬರ್ತಾನೆ."

"ನೀನು ನೋಡಿದ್ಯಾ?"

ನಾನು ಸುತ್ತ ನೋಡಿದೆ, ಒಂದು ನಾಯಿಯೂ ಇರಲಿಲ್ಲ. "ನಿಜ ಹೇಳ್ಬೇಕೂಂದ್ರೆ ನೋಡಿಲ್ಲ. ಆದ್ರೆ ನೋಡ್ದೆ ಅಂತ್ಲೇ ಹೇಳ್ತೀನಿ. ನೀನು ನಂಬ್ದೆ ಅಂತ ಹೇಳು, ಸಾಕು."

ಹೊನ್ನಪ್ಪ ಗಡ್ಡ ಕೆರೆದುಕೊಂಡ. "ನಾಳೆ ಸೋತ್ರೆ ಸೋಮವಾರನೇ ತೆಗೆದುಹಾಕೋಣ ಬಿಡು. ನಿಂಗೇನಪ್ಪ ಅವನ ಮೇಲೆ ಅಷ್ಟ್ ಸಿಟ್ಟು?"

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಬಾಯಿಂದ ತಾನಾಗಿ ಬಂತು: "ಹತ್ತೊಂಬತ್ ವರ್ಷ ಕಣೋ. ಗೋಲ್‌ಕೀಪರ್‌ಗಳನ್ನೆಲ್ಲ ತಯಾರ್ ಮಾಡಿದ್ದು ನಾನು. ನೀವು ಒಬ್ರಾದ್ರೂ, ಲಕ್ಕಣ್ಣ ನಿಂಗೆ ಬೇಕೇನಯ್ಯ ಅಂತ ಒಂದ್ ಮಾತ್ ಕೇಳಿದ್ರಾ?" ನನ್ನ ದನಿ ಒಡೆಯಿತು.

ಶನಿವಾರ ಮಧ್ಯಾಹ್ನ ಎರಡೂವರೆಗೆಲ್ಲ ಊರು ಬಯಲಿನ ಸುತ್ತ ಸೇರಿತ್ತು. ಆಚೆದಡದವರು ಮಾತ್ರ ಬರಲಿಲ್ಲ. ಹೊಳೆಯ ಮಧ್ಯೆ ದೋಣಿ ಮರಳಿನಲ್ಲಿ ಸಿಕ್ಕಿಕೊಂಡಿದೆಯಂತೆ, ಜನ ಇಳಿದು ತಳ್ಳುತ್ತಿದ್ದಾರಂತೆ ಎಂದು ಸುದ್ದಿ ಬಂತು. ಮೂರಕ್ಕೆ ಸರಿಯಾಗಿ ನಿನ್ನೆಯ ಮುಂಗೂಗು ಬಂದೇ ಬಂತು. ಚೆಂಡೂ ಇಲ್ಲದ, ಆಡುವವರೂ ಇಲ್ಲದ ಬಯಲಿನ ಮೇಲೆ ಸಾವಿರ ದನಿ "ಹೊಡಿ, ಹೊಡಿ, ಗೋಲ್!" ಎಂದು ಕೂಗಿ ಕೂಗಿ ಸುಮ್ಮನಾಯಿತು. ಜನ ಪೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆ ಕೂಗಿದ್ದರಿಂದ ಎಲ್ಲರ ಗಂಟಲೂ ಕಟ್ಟಿತ್ತು, ಇವತ್ತು ಕೂಗಲು ಯಾರಲ್ಲೂ ದನಿ ಉಳಿದಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ನನಗೆ ವಿಷಯ ಹೊಳೆಯಿತು. ಈಗ ಶುರುವಾದರೆ ಐದು ಹತ್ತಕ್ಕೂ ಆಟ ನಡೆಯುತ್ತಿರುತ್ತದೆ. ಜಯಶೀಲಾ ಮೇಡಂ ಹತ್ತಿರ ಓಡಿದೆ. "ಮೇಡಂ, ಹೊತ್ತಾಯ್ತು, ಇನ್ನೊಂದ್ ದಿನ ಆಡ್ಸೋಣ. ಅವ್ರು ಬರ್ಲಿಲ್ಲ ಅಂತ ನಾವೇ ಗೆದ್ದಂಗೆ ಬರೆಸ್ಬಿಡಿ." ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕ್ ಮೇಷ್ಟ್ರೇ, ಅವ್ರು ಪಾಪ ಹೊಳೇಲಿ ದೋಣಿ ತಳ್ತಿದಾರೆ" ಅಂದರು. ಹೊನ್ನಪ್ಪನನ್ನು ಹುಡುಕಿದೆ. ಅವನಿಗೂ ಅದೇ ಹೊಳೆದಿತ್ತು. "ತಮಟೆಯೋರನ್ನ ಕರೆಸ್ಲಾ?" ಅಂದ. ಕರೆಸುವಷ್ಟರಲ್ಲಿ ಆಚೆದಡದ ಹುಡುಗರು ಒದ್ದೆ ಚಡ್ಡಿಯಲ್ಲಿ ಬಯಲಿಗೆ ಇಳಿದರು. ನಾಲ್ಕು ನಲವತ್ತಕ್ಕೆ ಆಟ ಶುರುವಾಯಿತು.

ಆ ಅರ್ಧ ಗಂಟೆ ಆಟವನ್ನು ನಾನು ನೋಡಲಿಲ್ಲ, ಗಡಿಯಾರ ನೋಡಿದೆ. ಬಯಲು ಎಂದೂ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಕಂಡಿಲ್ಲ. ಚೆಂಡು ಒದೆಯುವ ಸದ್ದು, ಹುಡುಗರ ಏದುಸಿರು, ಆಗಾಗ ಒಂದು ಸೀಟಿ. ಐದು ಹತ್ತಕ್ಕೆ ಬಯಲಿನ ನಟ್ಟನಡುವಿನಿಂದ ನನ್ನ ದನಿ ಸ್ಪಷ್ಟವಾಗಿ ಎದ್ದಿತು: "ಅವನು ಆಚೆದಡದೋರ ಮನುಷ್ಯ ಕಣೋ ಹೊನ್ನಪ್ಪ."

ಸಾವಿರ ತಲೆ ಒಟ್ಟಿಗೆ ತಿರುಗಿತು. ಆಚೆದಡದ ಹುಡುಗರು ತಮ್ಮ ಸುದ್ದಿ ಬಂದದ್ದು ಕೇಳಿ ನಿಂತೇಬಿಟ್ಟರು, ತಮ್ಮ ಕೋಚಿನ ಮುಖ ನೋಡಿದರು. ಆ ಕೋಚು ತನಗೇನೂ ಗೊತ್ತಿಲ್ಲ ಎಂಬಂತೆ ಎರಡೂ ಕೈ ಎತ್ತಿ ನಿಂತ. ನೋಡಿಲ್ಲ, ಆದರೆ ನೋಡ್ದೆ ಅಂತ್ಲೇ ಹೇಳ್ತೀನಿ ಎಂದು ನನ್ನ ದನಿ ಸಾಗಿತು. ನಮ್ಮ ಹುಡುಗರು ಮಾತ್ರ ತಲೆ ಎತ್ತಲಿಲ್ಲ. ಜುಬೇರ ಆ ದನಿಯ ಒಳಗಿಂದಲೇ ಚೆಂಡು ತೆಗೆದುಕೊಂಡು ಓಡಿದ, ನಿಂತಿದ್ದ ಮೂವರನ್ನು ದಾಟಿದ, ಬಾಯಿ ತೆರೆದು ಕೇಳುತ್ತಿದ್ದ ಗೋಲ್‌ಕೀಪರ್‌ನ ಪಕ್ಕದಲ್ಲೇ ಚೆಂಡನ್ನು ಒಳಗೆ ಹಾಕಿದ. ಅದೇ ಹೊತ್ತಿಗೆ ನನ್ನ ದನಿ "ಹತ್ತೊಂಬತ್ ವರ್ಷ ಕಣೋ" ಎಂದು ಒಡೆಯಿತು. ಗೋಲಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ಶಾಲೆಯ ಹಿಂದಿನ ಗೇಟಿನಿಂದ ಮನೆಗೆ ನಡೆದೆ.

ದಾಕ್ಷಾಯಿಣಿ ಬೈಯಲಿಲ್ಲ, ಅದರಿಂದಲೇ ನನಗೆ ಭಯವಾಯಿತು. ಗೆದ್ದೆವಂತೆ, ಒಂದು ಸೊನ್ನೆ ಎಂದಷ್ಟೇ ಹೇಳಿ ಊಟಕ್ಕಿಟ್ಟಳು. ಆಮೇಲೆ, "ನೀವು ಬಂದ್ಮೇಲೆ ಯಾರ್ಯಾರು ಏನೇನಂದ್ರು ಅಂತ ನಾಳೆ ಹೋಗಿ ಕೇಳ್ಕೊಂಡ್ ಬನ್ನಿ. ಕೇಳ್ದೆ ಇದ್ರೆ ನೀವೇ ಏನೇನೋ ಕಟ್ಕೋತೀರಿ" ಅಂದಳು.

ಭಾನುವಾರ ಐದೂಕಾಲಿಗೆ ಹೋದೆ. ಬಯಲು ಖಾಲಿ, ದನಿಗಳು ಮಾತ್ರ ತುಂಬಿದ್ದವು. "ಥೂ, ಇವ್ನ ಬಾಯಿಗೆ" ಅಂದದ್ದು ಯಾರೋ ಹೆಂಗಸು. "ಅದು ನನ್ ದನಿ ಅಲ್ಲ ಕಣ್ರಯ್ಯ" ಎಂದು ಹೊನ್ನಪ್ಪ, ಅದರ ಹಿಂದೆ ದೊಡ್ಡ ನಗು. "ಹತ್ತೊಂಬತ್ ವರ್ಷ ಅನ್ನೋದು ಮಾತ್ರ ನಿಜ ಕಣ್ರೀ" ಎಂದು ಜಯಶೀಲಾ ಮೇಡಂ, ಬಹಳ ಸಣ್ಣಗೆ. ಮುಖ ಮುಚ್ಚಿಕೊಂಡು ಎಲ್ಲ ಕೇಳಿದೆ. ಆರು ದಾಟಿದ ಮೇಲೆ, ಜನವೆಲ್ಲ ಹೋದ ನಂತರ ಇರಬೇಕು, ಬಯಲಿನ ನಡುವಿನಿಂದ ಒಂದು ದಪ್ಪ ದನಿ ಎದ್ದಿತು.

"ಲಕ್ಕಣ್ಣ ಮೇಷ್ಟ್ರೇ. ನಾಳೆ ನೀವಿಲ್ಲಿ ಬಂದೇ ಬರ್ತೀರಿ, ಅದಕ್ಕೇ ಹೇಳ್ತಿದೀನಿ. ನಾನು ಬಂದ ಮೊದಲ್ನೇ ದಿನವೇ ನೀವು ಮರದ ಕೆಳಗೆ ಪುಸ್ತಕ ಹಿಡ್ಕೊಂಡ್ ನಿಂತಿದ್ರಿ. ಮಾರನೇ ದಿನಾನೂ ನಿಂತಿದ್ರಿ. ಬೇಕರಿಗೆ ಹೋದ್ರೆ ಹಿಂದೆ, ದೋಣಿಗೆ ಹೋದ್ರೆ ಹಿಂದೆ. ನೀವೇ ಆಚೆದಡದೋರ ಮನುಷ್ಯ ಅಂತ ನಾನು ತಿಳ್ಕೊಂಡಿದ್ದೆ. ನಾನು ಬಾಯ್ ಬಿಟ್ರೆ ಹೇಳ್ಕೊಟ್ಟಿದ್ದೆಲ್ಲ ಮಾರನೇ ದಿನ ನಿಮ್ ಪುಸ್ತಕಕ್ಕೆ ಹೋಗುತ್ತೆ, ಅಲ್ಲಿಂದ ಅವ್ರಿಗೆ ಹೋಗುತ್ತೆ ಅಂತ ಸೀಟಿ ಕಚ್ಕೊಂಡೆ. ಇಲ್ದಿದ್ರೆ ನಾನೇನ್ ಮೌನಿ ಅಲ್ಲ ಮೇಷ್ಟ್ರೇ, ಹುಟ್ಟಾ ಕೂಗಾಡೋನು. ಹಳೇ ಸ್ಕೂಲಲ್ಲಿ ನನ್ನ ಬಿಡಿಸಿದ್ದೇ ಅದಕ್ಕೆ. ಭಾನುವಾರ ಹೊಳೆ ದಾಟ್ತಿದ್ದದ್ದು ಆಚೆದಡದ ಮರಳಲ್ಲಿ ಒಬ್ನೇ ನಿಂತು ವಾರಕ್ಕಾಗೋಷ್ಟು ಕೂಗಿ ಬರೋಕೆ. ಅಲ್ಲಿ ಕೂಗಿದ್ದು ಅಲ್ಲೇ ಹೋಗುತ್ತಲ್ಲ." ಆಮೇಲೆ, "ಹತ್ತೊಂಬತ್ ವರ್ಷ ಅಂತ ನಂಗೆ ಯಾರೂ ಹೇಳಿರ್ಲಿಲ್ಲ" ಅಂದ. ಅಷ್ಟಕ್ಕೆ ನಿಂತಿತು.

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಹಿಂದೆಯೇ ಅವಮಾನ ಬಂತು. ಯಾವ ಮೌನವನ್ನು ನಾನು ಒಂದು ತಿಂಗಳು ತಾರೀಕು ಹಾಕಿ ಬರೆದಿಟ್ಟೆನೋ, ಅದನ್ನು ತಂದವನು ನಾನೇ. ಉತ್ತರ ಹೇಳಬೇಕಿತ್ತು. ಹೇಳಿದರೆ ನಾಳೆ ಇದೇ ಹೊತ್ತಿಗೆ ಪ್ರಾಕ್ಟೀಸು ನಡೆಯುತ್ತಿರುತ್ತದೆ, ಹುಡುಗರೆಲ್ಲ ಇರುತ್ತಾರೆ. ಬಯಲು ಖಾಲಿ ಇರುವ ಹೊತ್ತು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನ ಜಾವ ಬಂದು ಹೇಳಿ ಹೋಗಬಹುದಿತ್ತು. ಆದರೂ ಎದ್ದು ನಿಂತು ಆಗಲೇ ಹೇಳಿದೆ. "ನಾನು ಲಕ್ಕಣ್ಣ. ಹೇಳಿದ್ದು ಸುಳ್ಳು. ನಾನೇನೂ ನೋಡಿಲ್ಲ. ಆ ಕೆಲ್ಸ ನಂಗೆ ಬೇಕಿತ್ತು, ಅಷ್ಟೇ. ತಪ್ಪಾಯ್ತು."

ಸೋಮವಾರ ಆರು ದಾಟುವ ಹೊತ್ತಿಗೆ ನಾನು ಬಯಲಿನ ಅಂಚಿನಲ್ಲಿದ್ದೆ, ಈ ಸಲ ಪುಸ್ತಕ ಇರಲಿಲ್ಲ. ಹುಡುಗರು ಆಡುತ್ತಿದ್ದರು. ನನ್ನ ದನಿ ಬಂತು, ತನ್ನ ಹೆಸರು ಹೇಳಿಕೊಂಡಿತು, ತಪ್ಪೊಪ್ಪಿಕೊಂಡಿತು. ಒಬ್ಬನೇ ಒಬ್ಬ ಹುಡುಗನೂ ತಲೆ ಎತ್ತಲಿಲ್ಲ. ಜನ್ಮದಲ್ಲಿ ಮೊದಲ ಸಲ ಇಷ್ಟು ಜನರ ಮುಂದೆ ನಿಜ ಹೇಳಿದ್ದೇನೆ, ಕೇಳುವವರೇ ಇಲ್ಲವಲ್ಲ ಎಂದು ಸಿಟ್ಟೇ ಬಂತು. ಆಗ ತಿಪ್ಪೇಶ ಬಾಯಿಂದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು, ಹೊಂಗೆಮರದ ಕಾಗೆಗಳೆಲ್ಲ ಹಾರುವಂತೆ ಕೂಗಿದ: "ಮೇಷ್ಟ್ರೇ! ಅಲ್ಲೇನ್ ಕಂಬದ ಥರ ನಿಂತಿದೀರಿ? ಕೀಪರ್‌ಗಳಿಬ್ರೂ ಸುಮ್ನೆ ನಿಂತಿದಾರೆ, ಕಾಣಲ್ವಾ? ಬನ್ನಿ!"

ನಾನು ಹೋಗಲಿಲ್ಲ. ಅಣಕಿಸುತ್ತಿದ್ದಾನೋ ಏನೋ, ಹುಡುಗರ ಮುಂದೆ ಕುಣಿಸಲು ಕರೆಯುತ್ತಿದ್ದಾನೋ ಏನೋ, ಮುಖ ನೋಡಿ ಹೇಳುವುದು ಹೇಗೆ? ತಿರುಗಿ ಮನೆಗೆ ಬಂದೆ. ಆದರೆ ಮಂಗಳವಾರ ಆ ಹೊತ್ತಿಗೆ ಮೊದಲೇ ಹೋಗಿ, ಅವನ ಮುಖ ಕಾಣದಂತೆ ಬಯಲಿಗೆ ಬೆನ್ನು ಹಾಕಿ ನಿಂತು ಕಾದೆ. ದನಿ ಬಂತು. ಅದರಲ್ಲಿ ಅಣಕ ಇರಲಿಲ್ಲ. ಕೆಲಸ ಬೆಟ್ಟದಷ್ಟಿದ್ದು, ಮಾಡಬೇಕಾದವನೊಬ್ಬ ಸುಮ್ಮನೆ ನಿಂತಿದ್ದಾನಲ್ಲ ಎಂಬ ಬೇಸರ ಮಾತ್ರ ಇತ್ತು. "ಬನ್ನಿ" ಎಂಬ ಕೊನೆಯ ಮಾತು ಬರುವ ಹೊತ್ತಿಗೆ ನಾನು ಚಪ್ಪಲಿ ಬಿಟ್ಟು ಗೋಲಿನ ಕಡೆಗೆ ಅರ್ಧ ದಾರಿಯಲ್ಲಿದ್ದೆ.